ಇದು ವರದಿಗಲ್ಲ

"ಟೈಪಿಸ್ಟ್ ಅವರೇ, ನಿಮಗೆ ಕಿವಿ ಇದೆಯೋ ಇಲ್ಲವೋ?"

ಹೆಡ್‌ಫೋನಿನಲ್ಲಿ ಆ ಗಂಡಸಿನ ದನಿ ಸಿಡಿದ ಕೂಡಲೇ ಚುಕ್ಕಿಯ ಬಲಗಾಲು ಪೆಡಲಿನಿಂದ ತಾನಾಗಿಯೇ ಮೇಲೆದ್ದಿತು. ದನಿ ನಿಂತಿತು.

ಅರೆ! ಇದೇನಿದು? ಲಿಫ್ಟ್ ತಪಾಸಣೆಯ ವರದಿ ಅಂತ ಅಣ್ಣ ಕೊಟ್ಟ ಫೈಲು ಇದು. ಅದರಲ್ಲಿ ತನ್ನ ಕಿವಿಯ ವಿಚಾರ ಯಾಕೆ ಬಂತು?

ಮತ್ತೆ ಪೆಡಲು ಒತ್ತಿದಳು. ಕಾಲಲ್ಲಿ ಒತ್ತಿ ರೆಕಾರ್ಡು ಓಡಿಸುವ ಆ ಯಂತ್ರದ ಗುಣವೇ ಹಾಗೆ. ನಿಲ್ಲಿಸಿ ಶುರು ಮಾಡಿದರೆ ಎರಡು ಸೆಕೆಂಡು ಹಿಂದಕ್ಕೆ ಹೋಗಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತದೆ.

"...ಕಿವಿ ಇದೆಯೋ ಇಲ್ಲವೋ? ಕಳೆದ ವರದೀಲಿ ಹನ್ನೊಂದು ಕಡೆ 'ಕೇಳಿಸಲಿಲ್ಲ' ಅಂತ ಬರೆದು ಕಳಿಸಿದ್ದೀರಿ. ನಾನೇನು ಪಿಸುಗುಟ್ಟಿದ್ನಾ? ಗಂಟಲು ಹರಿಯೋ ಹಾಗೆ ಕೂಗಿ ಹೇಳಿದ್ದೀನಿ!"

ಆ ವರದಿ ಟೈಪು ಮಾಡಿದ್ದು ಚುಕ್ಕಿಯಲ್ಲ, ಹೋದ ತಿಂಗಳು ಕೆಲಸ ಬಿಟ್ಟ ಇನ್ನೊಬ್ಬಳು. ಅವಳು ತಪ್ಪಿಸಿಕೊಂಡಳು, ಬೈಗುಳ ಇವಳ ಪಾಲಿಗೆ ಬಂತು. ಚುಕ್ಕಿಗೆ ಮೂಗಿನ ತುದಿಯವರೆಗೆ ಸಿಟ್ಟು ಬಂದರೂ ತುಟಿ ಪಿಟಕ್ಕೆನ್ನದೆ ವರದಿ ಮುಗಿಸಿದಳು. ಒಂದೇ ಒಂದು ಕಡೆಯೂ 'ಕೇಳಿಸಲಿಲ್ಲ' ಎಂದು ಬರೆಯಲಿಲ್ಲ. ಎಲ್ಲಾ ಕೇಳಿಸಿತ್ತು, ಮೋಟಾರಿನ ಆರ್ಭಟದ ನಡುವೆಯೂ!

ಪ್ರತಿ ವರದಿಯ ಜೊತೆ ಒಂದು ಪ್ರಶ್ನೆ ಹಾಳೆ ಹೋಗುತ್ತಿತ್ತು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಅನುಮಾನ ಬಂತು ಎಂದು ಟೈಪಿಸ್ಟ್ ಅದರಲ್ಲಿ ಬರೆಯಬೇಕು. ಚುಕ್ಕಿ ಬರೆದಳು.

'ನಿಮಿಷ 0, ಸೆಕೆಂಡು 4: ಕಿವಿ ಇದೆ. ಎರಡು. ನೀವು ಓಡುತ್ತಿರುವ ಮೋಟಾರಿನ ಪಕ್ಕ ನಿಂತು ಮಾತಾಡುತ್ತಿದ್ದೀರಿ. ಯಂತ್ರದ ಕೋಣೆಯಿಂದ ಹೊರಗೆ ಬಂದು ಹೇಳಿದರೆ ನಿಮ್ಮ ಗಂಟಲೂ ಉಳಿಯುತ್ತದೆ, ನನ್ನ ಕಿವಿಯೂ ಉಳಿಯುತ್ತದೆ.'

ಅಣ್ಣ ಆ ಹಾಳೆ ಓದದೆ ಹಾಗೇ ಕಳಿಸಿಬಿಟ್ಟ. ಅವನು ಯಾವತ್ತೂ ಓದುತ್ತಿರಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಎರಡು ದಿನ ಬಿಟ್ಟು ಮುಂದಿನ ಫೈಲು ಬಂತು. ಮೊದಲು ಬರೀ ಮೌನ. ಆಮೇಲೆ ಬಾಗಿಲು ಹಾಕಿದ ಸದ್ದು. ಆಮೇಲೆ ತಡೆದುಕೊಂಡ ಒಂದು ನಗು...

"ಟೈಪಿಸ್ಟ್ ಅವರೇ, ಇದು ವರದಿಗಲ್ಲ. ಹೊರಗೆ ಬಂದಿದ್ದೀನಿ. ಈಗ ಕೇಳಿಸ್ತಿದೆಯಾ?"

ಚುಕ್ಕಿ ಪೆಡಲಿನಿಂದ ಕಾಲು ತೆಗೆದಳು. ಮತ್ತೆ ಒತ್ತಿದಳು.

"...ಈಗ ಕೇಳಿಸ್ತಿದೆಯಾ?"

ಮತ್ತೊಮ್ಮೆ ಒತ್ತಿದಳು. ಸುಮ್ಮನೆ. ಕೆಲಸಕ್ಕೇನೂ ಬೇಕಿರಲಿಲ್ಲ!

*

ಚುಕ್ಕಿ ಅನ್ನುವುದು ಮನೆಯವರು ಕರೆಯುವ ಹೆಸರು. ಇಪ್ಪತ್ತೇಳು ತುಂಬಿದರೂ ಅಣ್ಣನಿಗೆ ಅವಳಿನ್ನೂ ಚುಕ್ಕಿಯೇ. ಅಣ್ಣ ಮನೆಯ ಹಾಲಿನಲ್ಲೇ ಟೈಪಿಂಗ್ ಸರ್ವಿಸ್ ನಡೆಸುತ್ತಿದ್ದ. ವಕೀಲರು, ಡಾಕ್ಟರುಗಳು, ಇಂಜಿನಿಯರುಗಳು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿದ ಫೈಲುಗಳು ಅವನಿಗೆ ಬರುತ್ತಿದ್ದವು. ಅವನು ನಾಲ್ಕಾರು ಟೈಪಿಸ್ಟುಗಳಿಗೆ ಹಂಚಿ, ಟೈಪಾದದ್ದನ್ನು 'ಟೈಪಿಸ್ಟ್' ಎಂಬ ಒಂದೇ ಹೆಸರಿನಲ್ಲಿ ವಾಪಸು ಕಳಿಸುತ್ತಿದ್ದ. ಯಾರು ಟೈಪು ಮಾಡಿದರು ಅಂತ ಗಿರಾಕಿಗೆ ತಿಳಿಯಬಾರದು. ಗಿರಾಕಿಯ ಜೊತೆ ಕೆಲಸದ್ದಲ್ಲದ ಮಾತು ಕೂಡದು. ಇದು ಅಣ್ಣನ ಕಾನೂನು.

ಮನೆ ಏಳನೇ ಮಹಡಿಯಲ್ಲಿತ್ತು. ಸ್ಕೂಟರಿನಿಂದ ಬಿದ್ದು ಚುಕ್ಕಿಯ ಎಡತೊಡೆ ಮುರಿದು ರಾಡು ಹಾಕಿದ್ದರು, ಮಂಡಿ ಮಡಚುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಲಿಫ್ಟಿನಲ್ಲೇ ಮೇಲೆ ಬಂದಳು. ಅದಾಗಿ ಹದಿನೈದು ದಿನಕ್ಕೆ ಲಿಫ್ಟಿನ ಬಾಗಿಲಿಗೆ ಕೆಂಪು ಮುದ್ರೆ ಬಿತ್ತು. 'ಬಳಕೆಗೆ ಅನರ್ಹ.' ಕೆಳಗೆ ಯಾರದೋ ಓದಲಾಗದ ಸಹಿ.

ಕಟ್ಟಡದ ಯಜಮಾನ ನಾಳೆ ಅಂದ, ನಾಡಿದ್ದು ಅಂದ, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ನೂರಾ ಇಪ್ಪತ್ತಾರು ಮೆಟ್ಟಿಲು. ಚುಕ್ಕಿಗೆ ಆ ಲೆಕ್ಕ ಗೊತ್ತಾಗಿದ್ದು ಹತ್ತಿಳಿದಲ್ಲ, ಅತ್ತಿಗೆಯ ಬಾಯಿಂದ ಕೇಳಿ. ಒಂದೇ ಒಂದು ಸಲ, ಕಾಲು ತೋರಿಸಲು, ಇಬ್ಬರು ಆಳುಗಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ್ದರು. ನಾಲ್ಕನೇ ಮಹಡಿಯ ತಿರುವಿನಲ್ಲಿ ಒಬ್ಬನ ಕೈ ಜಾರಿತು. ಕುರ್ಚಿ ಮುಂದಕ್ಕೆ ವಾಲಿತು. ಜೀವ ಬಾಯಿಗೆ ಬಂತು! ಅದಕ್ಕಿಂತ ಹೆಚ್ಚಾಗಿ, ಬಾಗಿಲು ತೆರೆದು ನೋಡುತ್ತಿದ್ದ ಅಕ್ಕಪಕ್ಕದವರ "ಅಯ್ಯೋ ಪಾಪ..." ಅವಳ ಮೈ ಸುಟ್ಟಿತ್ತು.

ಅವತ್ತೇ ಅಣ್ಣನಿಗೆ ಹೇಳಿದ್ದಳು. "ಇನ್ನೊಂದ್ಸಲ ನನ್ನ ಮೂಟೆ ಥರ ಹೊರಿಸ್ಬೇಡ. ಇಳಿದ್ರೆ ನನ್ನ ಕಾಲ ಮೇಲೆ ನಿಂತು ಇಳೀತೀನಿ. ಇಲ್ಲಾಂದ್ರೆ ಇಲ್ಲ."

ಇಲ್ಲ ಅಂದರೆ ಇಲ್ಲವೇ ಆಗಿತ್ತು. ಎಂಟು ತಿಂಗಳಿಂದ ಮೂರು ಕೋಣೆ, ಒಂದು ಬಾಲ್ಕನಿ, ಒಂದು ಊರುಗೋಲು. ಬಾಲ್ಕನಿಯಿಂದ ಕಾಣುವ ರಸ್ತೆ, ರಸ್ತೆಯಲ್ಲಿ ಬೆರಳುದ್ದದ ಜನ. ಇಡೀ ದಿನ ಬೇರೆಯವರ ಮಾತು ಕೇಳಿ ಬೆರಳಲ್ಲಿ ಇಳಿಸುವುದು. ತನ್ನ ಮಾತು ಕೇಳುವವರು ಯಾರು?

ಅಷ್ಟರಲ್ಲಿ ಆ ಲಿಫ್ಟ್ ಪರೀಕ್ಷಕ ಬಂದಿದ್ದ, ದನಿಯಾಗಿ.

ಪ್ರತಿ ಫೈಲಿನ ಕೊನೆಗೆ, ವರದಿ ಮುಗಿದ ಮೇಲೆ, ಅವನು ಅರ್ಧ ನಿಮಿಷ ಹೆಚ್ಚಿಗೆ ಮಾತಾಡುತ್ತಿದ್ದ. "ಟೈಪಿಸ್ಟ್ ಅವರೇ, ಇದು ವರದಿಗಲ್ಲ..." ಅಂತಲೇ ಶುರು. ಅದನ್ನು ಟೈಪು ಮಾಡಬಾರದು ಎಂಬ ಸೂಚನೆ. ಆಮೇಲೆ ಏನೇನೋ. ಇವತ್ತು ಲಿಫ್ಟಿನ ಅಡಿಯ ಹೊಂಡದೊಳಗೆ ಹದಿನಾಲ್ಕು ಬಾಚಣಿಗೆ ಸಿಕ್ಕವು. ಇವತ್ತೊಬ್ಬ ಮುದುಕರು ಲಿಫ್ಟಿನೊಳಗೇ ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತಿದ್ದರು, 'ಫ್ಯಾನ್ ಚೆನ್ನಾಗಿದೆ' ಅಂದರು! ಚುಕ್ಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಉತ್ತರ ಮಾತ್ರ ಪ್ರಶ್ನೆ ಹಾಳೆಯಲ್ಲಿ, ನಿಮಿಷ ಸೆಕೆಂಡಿನ ಲೆಕ್ಕದಲ್ಲೇ ಹೋಗುತ್ತಿತ್ತು.

ಅವನಿಗೆ ಅವಳ ದನಿ ಗೊತ್ತಿಲ್ಲ. ಅವಳಿಗೆ ಅವನ ಅಕ್ಷರ ಗೊತ್ತಿಲ್ಲ. ಹೀಗೂ ಉಂಟೇ ಒಂದು ಸ್ನೇಹ!

ಒಂದು ದಿನ ಅವನು ಕೇಳಿದ. "ನಮ್ಮ ಕೆಲಸದಲ್ಲಿ ಊರೆಲ್ಲಾ ಸುತ್ತೋದು. ನಿಮ್ಮದು ಹೇಗೆ? ಆಫೀಸಿಗೆ ನಡ್ಕೊಂಡೇ ಹೋಗ್ತೀರಾ?"

ಚುಕ್ಕಿಯ ಬೆರಳು ಕೀಲಿಗಳ ಮೇಲೆ ನಿಂತವು. ನಿಜ ಬರೆಯಬೇಕಿತ್ತು. ಆದರೆ ನಿಜ ಬರೆದರೆ ಮುಂದಿನ ಫೈಲಿನಲ್ಲಿ ಆ ದನಿಯೂ 'ಅಯ್ಯೋ ಪಾಪ' ಅಂದುಬಿಟ್ಟರೆ?

'ಹೌದು. ದಾರಿಯಲ್ಲೊಂದು ಹೂವಿನ ಅಂಗಡಿ ಇದೆ. ದಿನಾ ಅಲ್ಲಿ ಎರಡು ನಿಮಿಷ ನಿಲ್ಲುತ್ತೇನೆ' ಎಂದು ಬರೆದಳು.

ಸುಳ್ಳು. ಅಪ್ಪಟ ಸುಳ್ಳು. ಆ ಅಂಗಡಿಯ ತಗಡಿನ ಮಾಡು ಮಾತ್ರ ಅವಳಿಗೆ ಮೇಲಿನಿಂದ ಕಾಣುತ್ತಿತ್ತು. ಅದೊಂದು ಸುಳ್ಳಿಗೆ ಇನ್ನಷ್ಟು ಸುಳ್ಳು ಜೊತೆಯಾದವು. ಹೊಸ ಚಪ್ಪಲಿ ಕಚ್ಚಿದ್ದು, ಬಸ್ಸು ತಪ್ಪಿದ್ದು... ಬರೆಯುತ್ತಾ ಬರೆಯುತ್ತಾ ಚುಕ್ಕಿ ಆ ಹಾಳೆಯ ಮೇಲೆ ಊರು ಸುತ್ತಿದಳು.

"ನಮ್ಮ ರಾಣಿ ಮುಖ ಯಾಕೋ ಹೊಳೀತಿದೆ?" ಅತ್ತಿಗೆ ಕಾಫಿ ಲೋಟ ಇಡುತ್ತಾ ಛೇಡಿಸುತ್ತಿದ್ದಳು. "ಲಿಫ್ಟ್ ರಿಪೋರ್ಟಲ್ಲಿ ಅಂಥಾ ಸ್ವಾರಸ್ಯ ಏನಿರುತ್ತೆ ಮಾರಾಯ್ತಿ?"

"ಹೋಗತ್ತಿಗೆ..." ಚುಕ್ಕಿ ಹೆಡ್‌ಫೋನು ಏರಿಸಿಕೊಳ್ಳುತ್ತಿದ್ದಳು. ಕಾಲಿಗೆ ಬುದ್ಧಿ ಹೇಳುವ ಹಾಗಿರಲಿಲ್ಲವಲ್ಲ!

*

ಹೀಗೆ ಐದು ತಿಂಗಳು ಕಳೆಯಿತು. ಎಡವಟ್ಟಾದದ್ದು ಆಮೇಲೆ.

ಅಣ್ಣನಿಗೆ ಇನ್ನೊಂದು ಕಾನೂನಿತ್ತು. ಫೈಲು ಇಪ್ಪತ್ತು ನಿಮಿಷ ದಾಟಿದರೆ ಅದನ್ನು ಎರಡು ತುಂಡು ಮಾಡಿ ಇಬ್ಬರಿಗೆ ಕೊಡುವುದು. ಕೆಲಸ ಬೇಗ ಮುಗಿಯುತ್ತದೆ ಅಂತ. ಪರೀಕ್ಷಕನ ಫೈಲುಗಳು ಹತ್ತು, ಹನ್ನೆರಡು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಯಾವತ್ತೂ ಆ ತೊಂದರೆ ಬಂದಿರಲಿಲ್ಲ. ಆ ಶುಕ್ರವಾರ ಮಾತ್ರ ಎಂಟು ಲಿಫ್ಟುಗಳಿದ್ದ ದೊಡ್ಡ ಕಟ್ಟಡ, ಮೂವತ್ತೊಂದು ನಿಮಿಷದ ಫೈಲು.

ಮೊದಲ ತುಂಡು ಚುಕ್ಕಿಗೆ ಬಂತು. ಎರಡನೆಯದು ಮೇಷ್ಟ್ರಿಗೆ ಹೋಯಿತು.

ಮೇಷ್ಟ್ರು ನಿವೃತ್ತ ಶಾಲಾ ಮಾಸ್ತರು, ಹೊಸದಾಗಿ ಟೈಪಿಂಗಿಗೆ ಸೇರಿದವರು. ಮೂವತ್ತೈದು ವರ್ಷ ಮಕ್ಕಳಿಗೆ ಉಕ್ತಲೇಖನ ಬರೆಸಿದ ಜೀವ. ಕಿವಿಗೆ ಬಿದ್ದದ್ದನ್ನು ಬಿಡದೆ ಬರೆಯುವುದೇ ಅವರ ಪಾಲಿಗೆ ದೇವರ ಪೂಜೆ.

ಆ ಎರಡನೇ ತುಂಡಿನ ಕೊನೆಯಲ್ಲಿ ಪರೀಕ್ಷಕ ತನ್ನ ಮನಸ್ಸನ್ನು ಹೇಳಿಕೊಂಡಿದ್ದ! ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೋ ಏನೋ, ಯಾವಾಗಲೂ ಹೇಳುವ 'ಇದು ವರದಿಗಲ್ಲ' ಎಂಬ ಮಾತನ್ನೇ ಮರೆತಿದ್ದ.

ಮೇಷ್ಟ್ರು ಅದನ್ನೂ ಟೈಪು ಮಾಡಿದರು. ಅಂದವಾಗಿ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ.

'ಎಂಟನೇ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿದೆ. ನಿಮ್ಮ ಮುಖ ನಾನು ನೋಡಿಲ್ಲ, ದನಿ ಕೇಳಿಲ್ಲ. ಆದರೂ ದಿನಕ್ಕೆ ಹತ್ತು ಸಲ ನೆನಪಾಗುತ್ತೀರಿ. ನೀವು ನನಗೆ ಬರೀ ಟೈಪಿಸ್ಟ್ ಅಲ್ಲ. ಸೋಮವಾರ ಸಂಜೆ ಐದಕ್ಕೆ ನಮ್ಮ ಆಫೀಸಿನ ಎದುರಿನ ಕಾಫಿ ಅಂಗಡಿಗೆ ಬರುತ್ತೀರಾ?'

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಮೇಷ್ಟ್ರಿಗೆ ಅನುಮಾನ ಬಂತು. ಪ್ರಶ್ನೆ ಹಾಳೆ ತೆಗೆದು ಶ್ರದ್ಧೆಯಿಂದ ಬರೆದರು.

'ನಿಮಿಷ 30: ಕೊನೆಯ ಸಾಲುಗಳನ್ನು ವರದಿಯ ಯಾವ ಭಾಗಕ್ಕೆ ಸೇರಿಸಬೇಕು? ಬಾಗಿಲುಗಳು ಎಂಬ ಭಾಗಕ್ಕೋ, ಸುರಕ್ಷತಾ ಸಾಧನಗಳು ಎಂಬ ಭಾಗಕ್ಕೋ? ದಯವಿಟ್ಟು ತಿಳಿಸುವುದು.'

ಅಣ್ಣ ಎಂದಿನಂತೆ ಓದದೆ ಎರಡನ್ನೂ ಜೋಡಿಸಿ, 'ಟೈಪಿಸ್ಟ್' ಎಂಬ ಅದೇ ಹೆಸರಿನಲ್ಲಿ ಕಳಿಸಿದ.

ಪಾಪ, ಆ ಮನುಷ್ಯ ಅದನ್ನು ಓದಿದಾಗ ಅವನ ಮುಖ ಹೇಗಾಗಿರಬೇಡ! ಐದು ತಿಂಗಳು ನಗುತ್ತಾ ಉತ್ತರಿಸಿದವಳು, ಅವನು ಮನಸ್ಸು ಬಿಚ್ಚಿಟ್ಟಾಗ 'ಇದನ್ನು ಯಾವ ಭಾಗಕ್ಕೆ ಸೇರಿಸಲಿ' ಅಂತ ಕೇಳುತ್ತಾಳೆಂದರೆ? ಇದಕ್ಕಿಂತ ತಣ್ಣನೆಯ ಅವಮಾನ ಇನ್ನೇನಿದೆ? ಆದರೂ ಸೋಮವಾರ ಹೋದ. ಐದರಿಂದ ಏಳರವರೆಗೆ ಆ ಅಂಗಡಿಯಲ್ಲಿ ಕೂತು ನಾಲ್ಕು ಕಾಫಿ ಕುಡಿದು ಎದ್ದು ಬಂದ.

ಇತ್ತ ಚುಕ್ಕಿಗೆ ಇದೊಂದೂ ಗೊತ್ತಿಲ್ಲ. ಆ ಶುಕ್ರವಾರ ಅವಳಿಗೆ ಸಿಕ್ಕಿದ್ದು ನಾಲ್ಕು ಲಿಫ್ಟುಗಳ ವರದಿ ಮಾತ್ರ.

"ಅಣ್ಣಾ, ಉಳಿದ ಅರ್ಧಾನೂ ನಾನೇ ಮಾಡ್ತೀನಿ, ಕೊಡು" ಅಂದಿದ್ದಳು.

"ಮೇಷ್ಟ್ರು ಆಗಲೇ ಮುಗಿಸಿದ್ರು. ನಿಂಗ್ಯಾಕೆ ಅದು?"

ಯಾಕೆ ಅಂತ ಹೇಗೆ ಹೇಳುವುದು?

ಮುಂದಿನ ಫೈಲು ಬಂತು. ವರದಿ ಮುಗಿಯಿತು, ಪೂರ್ಣವಿರಾಮ ಎಂದ ಅವನು, ರೆಕಾರ್ಡು ಕಟ್ಟಾಯಿತು. 'ಟೈಪಿಸ್ಟ್ ಅವರೇ' ಇಲ್ಲ!

ಆಮೇಲಿನದರಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಹೆಡ್‌ಫೋನಿನಲ್ಲಿ ಬರೀ ಹಗ್ಗ, ಬ್ರೇಕು, ಬೋಲ್ಟು, ಪೂರ್ಣವಿರಾಮ.

ಗೊತ್ತಾಗಿಹೋಗಿದೆ... ಚುಕ್ಕಿ ಕುಸಿದುಹೋದಳು. ಹೂವಿನ ಅಂಗಡಿ ಸುಳ್ಳು ಅಂತ ಯಾರೋ ಹೇಳಿಬಿಟ್ಟಿದ್ದಾರೆ. ನಾನು ಕುಂಟಿ, ಮನೆ ಬಿಟ್ಟು ಕದಲದವಳು ಅಂತ ಗೊತ್ತಾಗಿದೆ. ಅದಕ್ಕೇ...

ಪ್ರಶ್ನೆ ಹಾಳೆಯಲ್ಲಿ ಕೇಳಲು ಎಷ್ಟೋ ಸಲ ಹೊರಟಳು. ಕೇಳಿದರೆ ಉತ್ತರ ಬರುತ್ತದಲ್ಲಾ ಎಂದು ಹೆದರಿ ಅಳಿಸಿದಳು. ಮೂರು ಕೋಣೆಗಳು ಆ ನಾಲ್ಕು ವಾರದಲ್ಲಿ ಇನ್ನೂ ಚಿಕ್ಕವಾದವು. ಬಾಲ್ಕನಿಗೂ ಹೋಗುವುದನ್ನು ಬಿಟ್ಟಳು.

*

ಒಂದು ಬುಧವಾರ ಮಧ್ಯಾಹ್ನ ಏಳು ನಿಮಿಷದ ಫೈಲು ಬಂತು.

"ಹದಿನಾಲ್ಕು ತಿಂಗಳ ಹಿಂದೆ ನಾನೇ ಮುದ್ರೆ ಹಾಕಿದ್ದ ಲಿಫ್ಟಿನ ಮರುತಪಾಸಣೆ, ಪೂರ್ಣವಿರಾಮ. ಏಳು ಮಹಡಿ, ಆರು ಜನರ ಲಿಫ್ಟು, ಪೂರ್ಣವಿರಾಮ. ಹಗ್ಗದ ಎಳೆಗಳು ಇನ್ನಷ್ಟು ಕಿತ್ತುಹೋಗಿವೆ..."

ಚುಕ್ಕಿ ಟೈಪು ಮಾಡುತ್ತಾ ಹೋದಳು. ಎಲ್ಲೋ ಒಂದು ನಾಯಿ ಬೊಗಳಿತು. ಮೂರು ಸಲ ಬೊಗಳಿ, ಒಂದು ಸಲ ಕೆಮ್ಮಿತು.

ಅವಳ ಬೆರಳು ನಿಂತವು. ಬೊಗಳಿ ಕೆಮ್ಮುವ ನಾಯಿ ಇರುವುದು ಎದುರು ಮನೆಯಲ್ಲಿ!

ಪೆಡಲು ಒತ್ತಿದಳು. ಬಾಗಿಲ ಚಿಲಕ ತೆಗೆದ ಸದ್ದು. ಆಮೇಲೆ ಒಂದು ಹೆಂಗಸಿನ ದನಿ...

"ಏನ್ ಸಾರ್, ಲಿಫ್ಟಿಗೆ ಇನ್ನಾದ್ರೂ ಮುಕ್ತಿ ಇದೆಯಾ?"

ಚುಕ್ಕಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅದು ಅವಳ ಅತ್ತಿಗೆ!

"ನೋಡ್ತಿದ್ದೀನಿ ಮೇಡಂ. ಯಜಮಾನರು ಏನೂ ರಿಪೇರಿ ಮಾಡಿಸಿಲ್ಲ."

"ನಮ್ಗೇನೋ ಬಿಡಿ, ಏದುಸಿರು ಬಿಟ್ಕೊಂಡು ಹತ್ತಿಳೀತೀವಿ. ಒಳಗೆ ನನ್ನ ನಾದಿನಿ ಇದ್ದಾಳೆ. ಅವಳ ಕಾಲಿಗೆ ಮೆಟ್ಟಿಲು ಆಗಲ್ಲ. ನೀವು ಲಿಫ್ಟಿಗೆ ಮುದ್ರೆ ಹಾಕಿದ್ರಿ, ಅದರ ಜೊತೆ ಅವಳಿಗೂ ಹಾಕಿದ್ರಿ. ಒಂದು ವರ್ಷದ ಮೇಲಾಯ್ತು ಸಾರ್, ಅವಳು ನೆಲ ಮುಟ್ಟಿ..."

ಅವನ ಉಸಿರು ಮಾತ್ರ ಕೇಳುತ್ತಿತ್ತು.

"...ನನಗೆ ಗೊತ್ತಿರ್ಲಿಲ್ಲ" ಅಂದ ಅವನು. ಬಾಗಿಲು ಮುಚ್ಚಿತು. ಮತ್ತೆ ಮಾತು ಶುರು ಮಾಡಿದಾಗ ಅವನ ದನಿ ಗಟ್ಟಿಯಾಗಿರಲಿಲ್ಲ. "ತೀರ್ಮಾನ, ಬಳಕೆಗೆ ಅನರ್ಹ, ಪೂರ್ಣವಿರಾಮ. ಹೊಸ ಪ್ಯಾರಾ. ಇಪ್ಪತ್ತೊಂದು ದಿನದೊಳಗೆ ಹಗ್ಗ, ಬ್ರೇಕು ಎರಡನ್ನೂ ಬದಲಾಯಿಸದಿದ್ದರೆ ಯಜಮಾನರ ಮೇಲೆ ಮೊಕದ್ದಮೆ ಹೂಡಲಾಗುವುದು, ಪೂರ್ಣವಿರಾಮ."

ಟೈಪು ಮಾಡಿ ಮುಗಿಸಿ ಫೈಲಿನ ತಾರೀಖು ನೋಡಿದಳು. ನಿನ್ನೆ ಬೆಳಗ್ಗೆ ಹನ್ನೊಂದು. ಆ ಹೊತ್ತಿನಲ್ಲಿ ಅವಳು ಇದೇ ಕುರ್ಚಿಯಲ್ಲಿ, ಹೆಡ್‌ಫೋನು ಹಾಕಿಕೊಂಡು ಅವನ ಹಳೆಯ ಫೈಲನ್ನೇ ಕೇಳುತ್ತಿದ್ದಳು. ಅವನು ಹತ್ತು ಹೆಜ್ಜೆ ಆಚೆ, ಗೋಡೆಯ ಹೊರಗೆ ನಿಂತಿದ್ದ!

ಅವನೇ. ಆ ಓದಲಾಗದ ಸಹಿ ಅವನದೇ. ಹದಿನಾಲ್ಕು ತಿಂಗಳು ಅವಳನ್ನು ಇಲ್ಲಿ ಕೂಡಿಹಾಕಿದವನು, ದಿನವೆಲ್ಲಾ ತನ್ನ ದನಿಗಾಗಿ ಅವಳನ್ನು ಕಾಯಿಸಿದವನು, ಇಬ್ಬರೂ ಒಬ್ಬನೇ. ಚುಕ್ಕಿ ಹೆಡ್‌ಫೋನು ಕಿತ್ತೆಸೆದು ಬಿಕ್ಕಿ ಬಿಕ್ಕಿ ಅತ್ತಳು.

ಅಣ್ಣ ಓಡಿ ಬಂದ. ಪರದೆಯ ಮೇಲಿದ್ದದ್ದನ್ನು ಓದಿದ. ಜೀವನದಲ್ಲಿ ಮೊದಲ ಸಲ ಒಂದು ವರದಿಯನ್ನು ಪೂರ್ತಿ ಓದಿದ ಪುಣ್ಯಾತ್ಮ!

"ಚುಕ್ಕಿ..." ಅವನ ದನಿ ತಗ್ಗಿತು. "ಒಂದು ಸಾಲು ಬದಲಾಯ್ಸು. 'ಬಳಕೆಗೆ ಯೋಗ್ಯ' ಅಂತ ಹಾಕು. ಅವರಿಗೆ ದಿನಕ್ಕೆ ರಾಶಿ ವರದಿ. ನೋಡದೆ ಸಹಿ ಹಾಕಿದ್ರೆ ಮುದ್ರೆ ತೆಗೀತಾರೆ. ಆಮೇಲೆ ಗೊತ್ತಾದ್ರೂ ಅಷ್ಟರಲ್ಲಿ ನಿನ್ನ ಒಂದ್ಸಲ ಕೆಳಗೆ ಕರ್ಕೊಂಡು ಹೋಗಿರ್ತೀನಿ. ಡಾಕ್ಟರ ಹತ್ರ... ಆ ಹೂವಿನ ಅಂಗಡಿ ಹತ್ರ, ನೀನು ನೋಡ್ತಾ ಕೂತಿರ್ತೀಯಲ್ಲ. ನಂಗೆ ನೋಡಕ್ಕಾಗಲ್ಲ ಕಣೇ ನಿನ್ನ ಹೀಗೆ."

ಕಾನೂನಿನ ಮೇಲೆ ಕಾನೂನು ಮಾಡುವ ಅಣ್ಣನ ಕಣ್ಣಲ್ಲಿ ನೀರಿತ್ತು.

ಚುಕ್ಕಿ ಪರದೆ ನೋಡಿದಳು. ಒಂದೇ ಒಂದು ಪದ. ಅಳಿಸಿದರೆ ಕೆಂಪು ಮುದ್ರೆ ಬಿಚ್ಚುತ್ತದೆ, ಬಾಗಿಲು ಸರಿಯುತ್ತದೆ, ಗಾಳಿ, ರಸ್ತೆ, ಜನ... ಬೆರಳು ಆ ಕೀಲಿಯ ಮೇಲೆ ಹೋಯಿತು. ಹೋಗಿ ಅಲ್ಲೇ ಕೂತಿತು.

ಆದರೆ ಆರು ತಿಂಗಳು ಅವನ ವರದಿಗಳನ್ನು ಟೈಪು ಮಾಡಿದವಳಲ್ಲವೇ? ಎಳೆ ಕಿತ್ತ ಹಗ್ಗ ಅಂದರೆ ಏನು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆಗಲ್ಲ ಅಣ್ಣ. ಆ ಹಗ್ಗದಲ್ಲಿ ಅತ್ತಿಗೇನೂ ಇಳೀತಾಳೆ. ಎದುರು ಮನೆ ಅಜ್ಜೀನೂ ಇಳೀತಾರೆ."

ಕಣ್ಣು ಒರೆಸಿಕೊಂಡು ಆ ಸಾಲನ್ನು ಹಾಗೇ ಉಳಿಸಿದಳು. ಬಳಕೆಗೆ ಅನರ್ಹ. ಪೂರ್ಣವಿರಾಮ.

ಆಮೇಲೆ ಪ್ರಶ್ನೆ ಹಾಳೆ ತೆಗೆದಳು. ಇನ್ನು ಮುಚ್ಚಿಡಲು ಏನು ಉಳಿದಿದೆ?

'ನಿಮಿಷ 4, ಸೆಕೆಂಡು 10: ಈ ಹೆಂಗಸಿನ ದನಿ ನನ್ನ ಅತ್ತಿಗೆಯದು. ಒಳಗಿದ್ದ ನಾದಿನಿ ನಾನು. ಹೂವಿನ ಅಂಗಡಿ, ಬಸ್ಸು, ಚಪ್ಪಲಿ ಎಲ್ಲಾ ಸುಳ್ಳು. ಕ್ಷಮಿಸಿ. ನಿಮ್ಮ ತೀರ್ಮಾನ ಸರಿಯಾಗಿದೆ, ಅದನ್ನು ಹಾಗೇ ಟೈಪು ಮಾಡಿದ್ದೇನೆ. ಒಂದೇ ಪ್ರಶ್ನೆ. ನಾಲ್ಕು ವಾರದಿಂದ ನೀವು ಟೈಪಿಸ್ಟ್ ಅವರೇ ಅನ್ನುತ್ತಿಲ್ಲ. ನನ್ನ ಕಾಲಿನ ವಿಷಯ ಗೊತ್ತಾಯಿತು ಅಂತಲೇ?'

ಹಾಳೆಯನ್ನು ಅಣ್ಣನ ಕೈಗೇ ಕೊಟ್ಟಳು. "ಓದು. ನಿನ್ನ ಕಾನೂನು ಮುರಿದಿದ್ದೀನಿ."

ಅಣ್ಣ ಓದಿದ. ತಲೆ ಕೆರೆದುಕೊಂಡ. ತಂಗಿಯ ಮುಖ ನೋಡಿದ. ಆಮೇಲೆ ಹಾಗೇ ಕಳಿಸಿದ.

*

ಮಾರನೆಯ ದಿನ ಬೆಳಗ್ಗೆ ಬಂದ ಫೈಲು ಒಂದೂವರೆ ನಿಮಿಷದ್ದು. ಅದರಲ್ಲಿ ವರದಿಯೇ ಇರಲಿಲ್ಲ.

"ಟೈಪಿಸ್ಟ್ ಅವರೇ..."

ಚುಕ್ಕಿ ಕಣ್ಣು ಮುಚ್ಚಿದಳು.

"ನಿಮ್ಮ ಕಾಲಿನ ವಿಷಯ ನಂಗೆ ನಿನ್ನೆವರೆಗೂ ಗೊತ್ತಿರ್ಲಿಲ್ಲ. ನಾನು ಮಾತು ನಿಲ್ಲಿಸಿದ್ದು ನೀವು ಕೇಳಿದ ಪ್ರಶ್ನೆಗೆ. ಮನಸ್ಸು ಬಿಚ್ಚಿ ಹೇಳಿದ್ದನ್ನ ಅಷ್ಟು ನೀಟಾಗಿ ಟೈಪ್ ಮಾಡಿ, ಇದನ್ನ ಬಾಗಿಲುಗಳ ಭಾಗಕ್ಕೆ ಸೇರಿಸ್ಲೋ ಸುರಕ್ಷತಾ ಸಾಧನಗಳ ಭಾಗಕ್ಕೆ ಸೇರಿಸ್ಲೋ ಅಂತ ಕೇಳಿದ್ರಲ್ಲ... ಆ ಹಾಳೆ ಇನ್ನೂ ನನ್ನ ಜೇಬಲ್ಲೇ ಇದೆ."

ಯಾವ ಹಾಳೆ? ಯಾವ ಬಾಗಿಲು? ಮೂರು ಸಲ ಕೇಳಿದಳು. ಆಮೇಲೆ ಥಟ್ಟನೆ ಹೊಳೆಯಿತು. ಮೂವತ್ತೊಂದು ನಿಮಿಷದ ಫೈಲು! ಎರಡನೇ ತುಂಡು!

ಫೋನು ಎತ್ತಿದಳು. "ಮೇಷ್ಟ್ರೇ, ಎಂಟು ಲಿಫ್ಟಿನ ವರದಿ ಕೊನೇಲಿ ಏನಿತ್ತು?"

"ಓ, ಅದಾ ತಾಯಿ?" ಮೇಷ್ಟ್ರ ದನಿಯಲ್ಲಿ ಸಣ್ಣ ದೂರು. "ನೀವು ಬರೀ ಟೈಪಿಸ್ಟ್ ಅಲ್ಲ, ಸೋಮವಾರ ಸಂಜೆ ಐದಕ್ಕೆ ಕಾಫಿ ಅಂಗಡಿಗೆ ಬರ್ತೀರಾ ಅಂತ ಇತ್ತು. ಲಿಫ್ಟಿಗೂ ಕಾಫಿಗೂ ಏನು ಸಂಬಂಧ ಅಂತ ತಲೆ ಕೆಟ್ಟುಹೋಯ್ತು. ಯಾವ ಭಾಗಕ್ಕೆ ಅಂತ ಬರೆದು ಕೇಳಿದೆ. ಉತ್ತರಾನೇ ಕೊಡ್ಲಿಲ್ಲ ಆ ಮನುಷ್ಯ!"

ಚುಕ್ಕಿ ನಕ್ಕಳು. ನಗುತ್ತಲೇ ಅತ್ತಳು. ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಅವತ್ತು ಹೋದ ಉತ್ತರ ಚಿಕ್ಕದು.

'ಆ ಪ್ರಶ್ನೆ ನನ್ನದಲ್ಲ. ಎರಡನೇ ಅರ್ಧ ನನಗೆ ಬರಲೇ ಇಲ್ಲ. ಬಂದಿದ್ದರೆ ಯಾವ ಭಾಗ ಅಂತ ಕೇಳುತ್ತಿರಲಿಲ್ಲ.'

ಮುಂದಿನ ಫೈಲು ಅರ್ಧ ಗಂಟೆಯಲ್ಲಿ ಬಂತು. ರಸ್ತೆಯ ಗದ್ದಲ, ಏರಿದ ಉಸಿರು. "ನಿಮ್ಮ ಬಿಲ್ಡಿಂಗ್ ಕೆಳಗೇ ನಿಂತಿದ್ದೀನಿ. ಏಳು ಮಹಡಿ ತಾನೇ? ಈಗ್ಲೇ ಮೆಟ್ಟಿಲು ಹತ್ತಿ ಬರ್ಲಾ?"

ಚುಕ್ಕಿ ಬಾಲ್ಕನಿಗೆ ಹೋಗಿ ಬಗ್ಗಿ ನೋಡಲಿಲ್ಲ. ನೋಡಿದರೆ ಮನಸ್ಸು ಸೋಲುತ್ತಿತ್ತು.

'ಬೇಡ' ಎಂದು ಬರೆದಳು. 'ನೀವು ಮೆಟ್ಟಿಲು ಹತ್ತಿ ಬಂದರೆ ಮತ್ತೆ ಇಳಿದು ಹೋಗುತ್ತೀರಿ, ನಾನು ಇಲ್ಲೇ ಇರುತ್ತೇನೆ. ಮೊದಲ ಸಲ ನೋಡುವಾಗಲೇ ನನ್ನನ್ನು ಬಿಟ್ಟು ಹೋಗಬೇಡಿ. ಇಪ್ಪತ್ತೊಂದು ದಿನ ಅಂತ ನೀವೇ ಬರೆಸಿದ್ದೀರಿ. ಆ ಲಿಫ್ಟಿನಲ್ಲೇ ಬನ್ನಿ. ಜೊತೆಗೆ ಇಳಿಯೋಣ.'

*

ಮೊಕದ್ದಮೆ ಎಂಬ ಪದಕ್ಕೆ ಯಜಮಾನನ ನಿದ್ದೆ ಹಾರಿಹೋಗಿತ್ತು. ಐದನೇ ದಿನ ಗೋಡೆಯಾಚೆ ಸುತ್ತಿಗೆಯ ಸದ್ದು ಶುರುವಾಯಿತು. ಹಳೆಯ ಹಗ್ಗ ಇಳಿಯಿತು, ಹೊಸದು ಏರಿತು. ಚುಕ್ಕಿ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು. ನಡುವೆ ಎಂಟು ದಿನ ಸದ್ದೇ ಇಲ್ಲ, ಬ್ರೇಕಿನ ಸಾಮಾನು ಬರಬೇಕಂತೆ. ಆ ಎಂಟು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಇದೂ ನಾಳೆ ನಾಡಿದ್ದು ಆಗಿಬಿಟ್ಟರೆ? ಪ್ರತಿ ಸಂಜೆ ಅವನ ಫೈಲು ಬರುತ್ತಿತ್ತು. "ಇದು ವರದಿಗಲ್ಲ. ಸಾಮಾನು ನಾನೇ ಹೋಗಿ ನೋಡ್ಕೊಂಡು ಬಂದೆ. ಊಟ ಮಾಡಿ."

ಇಪ್ಪತ್ತನೇ ದಿನ, ಒಂದು ಸೋಮವಾರ ಮಧ್ಯಾಹ್ನ, ಲಿಫ್ಟಿಗೆ ಕಬ್ಬಿಣದ ತೂಕದ ಕಲ್ಲುಗಳನ್ನು ತುಂಬಿ ಮೇಲೆ ಕೆಳಗೆ ಓಡಿಸಿದರು. ಕಲ್ಲುಗಳಾದ ಮೇಲೆ ಮೊದಲು ಹತ್ತುವ ಮನುಷ್ಯ ಪರೀಕ್ಷಕನೇ ಆಗಿರಬೇಕು, ಅದು ಅವರ ಪದ್ಧತಿ. ಚುಕ್ಕಿ ಬಾಗಿಲ ಹೊರಗೆ ಊರುಗೋಲು ಹಿಡಿದು ನಿಂತಿದ್ದಳು. ಅತ್ತಿಗೆ ಅವಳ ತಲೆಗೂದಲನ್ನು ಐದನೇ ಸಲ ಸರಿ ಮಾಡಿದಳು.

"ಸಾಕತ್ತಿಗೆ, ಬೋಳಾಗ್ತೀನಿ!"

ಬಾಗಿಲ ಮೇಲಿನ ಅಂಕಿ ಬದಲಾಯಿತು. ಐದು... ಆರು... ಏಳು.

ಬಾಗಿಲು ಸರಿಯಿತು.

ದನಿ ಕೇಳಿ ಅವಳು ಆರಡಿ ಆಳು ಅಂದುಕೊಂಡಿದ್ದಳು. ಅಷ್ಟಿರಲಿಲ್ಲ. ಕಿವಿ ಸ್ವಲ್ಪ ಅಗಲ, ಅಂಗಿಯ ತೋಳಿಗೆ ಗ್ರೀಸು, ಕೈಯಲ್ಲಿ ತಪಾಸಣೆಯ ಫಾರಂ, ಪೆನ್ನು.

ಅವನು 'ಅಯ್ಯೋ ಪಾಪ' ಅನ್ನಲಿಲ್ಲ. ಕೈ ಹಿಡಿಯಲೂ ಮುಂದೆ ಬರಲಿಲ್ಲ. ಬಾಗಿಲು ಮುಚ್ಚದಂತೆ ಅಂಗೈ ಅಡ್ಡ ಇಟ್ಟು ಕಾದ. ಚುಕ್ಕಿ ಊರುಗೋಲು ಮುಂದಿಟ್ಟಳು, ಬಲಗಾಲು ಇಟ್ಟಳು, ಮಡಚದ ಎಡಗಾಲನ್ನು ಎಳೆದುಕೊಂಡಳು. ಒಳಗೆ ಬಂದಳು.

ಬಾಗಿಲ ಹೊರಗೆ ಅಣ್ಣ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ.

ಲಿಫ್ಟು ಮೆಲ್ಲಗೆ ಅಲುಗಿ ಇಳಿಯತೊಡಗಿತು.

"ಭಯ ಆಗ್ತಿದೆಯಾ?" ಅವನು ಮೆತ್ತಗೆ ಕೇಳಿದ.

"ಇಲ್ಲ" ಅಂದಳು. "ಹಗ್ಗ ಎಷ್ಟು ದಪ್ಪ ಅಂತ ಟೈಪ್ ಮಾಡಿದ್ದು ನಾನೇ."

ಅವನು ಕಣ್ಣು ಮಿಟುಕಿಸದೆ ನಿಂತ. ಅವಳ ದನಿ ಅವನು ಕೇಳಿದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳಿ" ಅಂದ. "ಎರಡು ಸೆಕೆಂಡು ಹಿಂದಕ್ಕೆ ಹೋಗಿ."

ಚುಕ್ಕಿ ಕೆಂಪಾದಳು. ಅವನು ಫಾರಂ ಅನ್ನು ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು ಪೆನ್ನು ತೆಗೆದ. "ಇಷ್ಟು ದಿನ ನಾನು ಹೇಳ್ದೆ, ನೀವು ಬರೆದ್ರಿ. ಇವತ್ತು ನೀವು ಹೇಳಿ. ನಾನು ಬರೀತೀನಿ."

ಅಂಕಿ ನಾಲ್ಕಕ್ಕೆ ಬಂದಿತ್ತು. ಆ ತಿರುವು, ಆ ಕುರ್ಚಿ... ಚುಕ್ಕಿ ಉಸಿರು ಎಳೆದುಕೊಂಡಳು. ಲಿಫ್ಟು ಅದನ್ನು ದಾಟಿ ಇಳಿಯಿತು.

"ತೀರ್ಮಾನ" ಅಂದಳು. "ಬಳಕೆಗೆ ಯೋಗ್ಯ, ಪೂರ್ಣವಿರಾಮ. ಹೊಸ ಪ್ಯಾರಾ. ಇವತ್ತು ಸೋಮವಾರ, ಅಲ್ಪವಿರಾಮ, ಸಂಜೆ ಐದಕ್ಕೆ ಕಾಫಿ ಅಂಗಡಿಗೆ ಬರ್ತೀನಿ. ನಡೆಯೋದು ನಿಧಾನ, ಕಾಯ್ಬೇಕು. ನೀವು ನಂಗೆ ಬರೀ ದನಿ ಅಲ್ಲ, ಪೂರ್ಣವಿರಾಮ."

ಅವನು ಒಂದಕ್ಷರವೂ ಬಿಡದೆ ಬರೆದ. ಅಕ್ಷರ ಅಂಕುಡೊಂಕಾದವು. ಓದಲಾಗದ ಆ ಸಹಿಗೆ ತಕ್ಕ ಅಕ್ಷರಗಳೇ!

"ಟೈಪಿಸ್ಟ್ ಅವರೇ" ಅಂದ. ಕಣ್ಣು ನಗುತ್ತಿತ್ತು. "ಇದು ವರದಿಗೋ, ವರದಿಗಲ್ಲವೋ?"

"ವರದಿಗೇ."

"ಯಾವ ಭಾಗಕ್ಕೆ ಸೇರಿಸ್ಲಿ?"

ಲಿಫ್ಟು ನಿಂತಿತು. ಬಾಗಿಲು ಸರಿದು, ಒಂದು ವರ್ಷಕ್ಕೂ ಮೇಲೆ ರಸ್ತೆಯ ಬಿಸಿಲು ಚುಕ್ಕಿಯ ಕಾಲ ಬಳಿ ಬಂದು ಬಿತ್ತು. ಅವಳು ಊರುಗೋಲನ್ನು ಎಡಗೈಗೆ ಬದಲಾಯಿಸಿ, ಗ್ರೀಸು ಮೆತ್ತಿದ ಆ ತೋಳನ್ನು ಬಲಗೈಯಲ್ಲಿ ತಾನಾಗಿಯೇ ಹಿಡಿದುಕೊಂಡಳು.

"ಸುರಕ್ಷತಾ ಸಾಧನಗಳು" ಅಂದಳು. "ಬನ್ನಿ, ಹೊತ್ತಾಗುತ್ತೆ. ಮೊದಲು ಹೂವಿನ ಅಂಗಡೀಲಿ ಎರಡು ನಿಮಿಷ ನಿಲ್ಬೇಕು."